ಒಂದು ಭಾನುವಾರಕ್ಕಾಗಿ

ಮುಂಬಯಿಯ ಹತ್ತಿಗಿರಣಿಗಳಲ್ಲಿ ಬಹುಕಾಲ ಸೂರ್ಯನೇ ಗಡಿಯಾರ. ಬೆಳಕು ಹರಿದರೆ ಕೆಲಸ ಶುರು, ಕತ್ತಲಾದರೆ ಬಿಡುಗಡೆ. ಹಾಗಾಗಿ ಬೇಸಿಗೆಯಲ್ಲಿ ದುಡಿಮೆ ಹದಿಮೂರು ಗಂಟೆಯನ್ನೂ ದಾಟುತ್ತಿತ್ತು. ಗಾಳಿಯ ತುಂಬ ಹತ್ತಿಯ ಧೂಳು, ಕಿವಿಗಡಚಿಕ್ಕುವ ಯಂತ್ರಗಳ ಸದ್ದು. ವಾರದ ರಜೆ ಎಂಬುದು ಇರಲಿಲ್ಲ.

1881ರ ಮೊದಲ ಫ್ಯಾಕ್ಟರಿ ಕಾಯ್ದೆ ಏಳರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳ ದುಡಿಮೆಗೆ ದಿನಕ್ಕೆ ಒಂಬತ್ತು ಗಂಟೆಯ ಮಿತಿ ಹಾಕಿತು. ಏಳು ವರ್ಷದ ಮಗುವಿಗೆ ಒಂಬತ್ತು ಗಂಟೆ! ದೊಡ್ಡವರಿಗೆ ಅಷ್ಟೂ ರಕ್ಷಣೆ ಇರಲಿಲ್ಲ.

ಜ್ಯೋತಿಬಾ ಫುಲೆಯವರ ಒಡನಾಡಿ, 'ದೀನಬಂಧು' ಪತ್ರಿಕೆಯ ಸಂಪಾದಕ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಕಾರ್ಮಿಕರನ್ನು ಸೇರಿಸಿ ಬೇಡಿಕೆಗಳನ್ನು ಮುಂದಿಟ್ಟರು: ಭಾನುವಾರ ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು, ಸಮಯಕ್ಕೆ ಸರಿಯಾಗಿ ಸಂಬಳ, ಯಂತ್ರಕ್ಕೆ ಸಿಕ್ಕು ಗಾಯಗೊಂಡವರಿಗೆ ಪರಿಹಾರ. ಐದೂವರೆ ಸಾವಿರ ಜನ ಮನವಿಗೆ ಸಹಿ ಹಾಕಿದರು. ಉಣ್ಣಲು ಅರ್ಧ ಗಂಟೆ ಕೊಡಿ ಎಂದು ಅರ್ಜಿ ಬರೆಯಬೇಕಾಗಿದ್ದ ಕಾಲವದು.

1890ರ ಏಪ್ರಿಲ್‌ನಲ್ಲಿ ಸುಮಾರು ಹತ್ತು ಸಾವಿರ ಕಾರ್ಮಿಕರ ಸಭೆ ಸೇರಿತು. ಇಬ್ಬರು ಹೆಣ್ಣುಮಕ್ಕಳು ಅಲ್ಲಿ ಎದ್ದುನಿಂತು ಮಾತಾಡಿದರು. ಆ ಧೈರ್ಯವನ್ನು ನಮ್ಮ ಪಠ್ಯಗಳು ಇನ್ನಷ್ಟು ನೆನೆಯಬೇಕು. ಆ ಜೂನ್‌ನಲ್ಲಿ ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು.

ಗೆಲುವು ಪೂರ್ತಿಯಾಗಿರಲಿಲ್ಲ. 1905ರ ಹೊತ್ತಿಗೆ ಗಿರಣಿಗಳಿಗೆ ವಿದ್ಯುದ್ದೀಪ ಬಂದು, ಸೂರ್ಯ ಹಾಕಿದ್ದ ಮಿತಿಯೂ ಹೋಯಿತು. ಹಲವೆಡೆ ದುಡಿಮೆ ಹದಿನಾಲ್ಕು, ಹದಿನೈದು ಗಂಟೆಗೆ ಏರಿತು, ಕಾರ್ಮಿಕರು ಬೀದಿಗಿಳಿದರು. ಬಟ್ಟೆ ಗಿರಣಿಗಳ ಗಂಡಾಳುಗಳಿಗೆ ಹನ್ನೆರಡು ಗಂಟೆಯ ಮಿತಿ ಬಂದದ್ದು 1911ರ ಕಾಯ್ದೆಯಲ್ಲಿ. ವಾರಕ್ಕೆ 48 ಗಂಟೆಯ ಮಿತಿಗೆ 1946ರವರೆಗೆ ಕಾಯಬೇಕಾಯಿತು. 1897ರಲ್ಲೇ ತೀರಿಕೊಂಡಿದ್ದ ಲೋಖಂಡೆ ಇವೆರಡನ್ನೂ ನೋಡಲಿಲ್ಲ.