ಸೋರೆಬುರುಡೆಯಿಂದ ಟ್ರಯಥ್ಲಾನಿಗೆ

ಕೃಷ್ಣಾ ಘಟಪ್ರಭೆಗಳ ನಡುವಣ ಬಾಡಗಂಡಿಯ ಸೀಮೆಯಲ್ಲಿ, ಒಣಗಿದ ಸೋರೆಬುರುಡೆಯನ್ನು ಮಗುವಿನ ಬೆನ್ನಿಗೆ ಬಿಗಿದು ಬಾವಿಗಿಳಿಸಿ, ಭಯವಳಿದಂತೆಲ್ಲ ಹಿಡಿದ ಹಗ್ಗವನ್ನು ಸಡಿಲಿಸುತ್ತ, ಕಡೆಗೊಂದು ದಿನ ಬುರುಡೆಯನ್ನೇ ಬಿಚ್ಚಿಬಿಡುತ್ತಿದ್ದ ಹಿರಿಯರ ಈಜು ಕಲಿಸುವ ಶಿಕ್ಷಣಕ್ರಮಕ್ಕಿಂತ ಮಿಗಿಲಾದುದನ್ನು ನಾನರಿಯೆ. ಗಂಟೆಯ ಬಾಡಿಗೆಗೆ ತಂದ, ತಮಗಿಂತ ಎತ್ತರದ ಸೈಕಲ್ಲಿನ ಚೌಕಟ್ಟಿನೊಳಗೆ ಕಾಲು ತೂರಿಸಿ ತುಳಿಯಲು ಕಲಿತ ಹುಡುಗರ ಈ ವಿಜಯಪುರ–ಬಾಗಲಕೋಟೆಯ ನಾಡು, ಮುಂದೆ ಸೈಕ್ಲಿಂಗ್ ಪಟುಗಳ ತವರೆಂದೇ ಪ್ರಸಿದ್ಧವಾಯಿತು. ಓಟವಂತೂ ಹೊಲದ ಬದುವಿನಲ್ಲಿಯೇ ಸಿದ್ಧಿಸುತ್ತಿತ್ತು.

1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಈ ಮೂರನ್ನೂ ಒಂದಾಗಿ ಹೆಣೆದ ಟ್ರಯಥ್ಲಾನ್, 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್ಲು, 10 ಕಿ.ಮೀ. ಓಟವಾಗಿ ಮಾನ್ಯತೆ ಪಡೆಯಿತು. ಇವುಗಳಲ್ಲಿ ನಮ್ಮ ಮಕ್ಕಳಿಗೆ ಅಪರಿಚಿತವಾದುದೊಂದೂ ಇಲ್ಲ. ಬೇಕಾದುದು, ಆಲಮಟ್ಟಿಯ ಹಿನ್ನೀರಿಗೆ ಅವರನ್ನು ಒಂಟಿಯಾಗಿ ಬಿಡದೆ, ದಡದಲ್ಲಿ ಹಗ್ಗ ಹಿಡಿದು ನಿಲ್ಲುವ ಹಿರಿಯನೊಬ್ಬ.