ಕಾಳಿಯ ಕಲ್ಲು: ನಾಯಿಯ ಅಗಲಿಕೆ ಮತ್ತು ಶ್ರಾವಕಧರ್ಮ

ಮನೆಯಲ್ಲಿ ಸಾಕಿದ ನಾಯಿ ಸತ್ತಾಗ ಅಥವಾ ಕಾಣೆಯಾದಾಗ ಮನೆಮಂದಿ ಪಡುವ ದುಃಖವನ್ನು ಹಲವರು ಹಗುರವಾಗಿ ಕಾಣುತ್ತಾರೆ. ಮೂಕಪ್ರಾಣಿಗಾಗಿ ಇಷ್ಟು ಮರುಗುವುದೇಕೆಂದು ಕೇಳುವವರುಂಟು. ಅದೆಲ್ಲ ಬರಿಯ ಮೋಹವೆಂದು ಧರ್ಮದ ಹೆಸರಿನಲ್ಲಿ ತಳ್ಳಿಹಾಕುವವರೂ ಉಂಟು. ಕನ್ನಡನಾಡಿನ ಇತಿಹಾಸವನ್ನೂ ಜೈನ ವಾಙ್ಮಯವನ್ನೂ ಕೂಡಿಸಿ ನೋಡಿದರೆ ಈ ಮಾತು ಪೂರ್ಣಸತ್ಯವಲ್ಲವೆಂದು ತಿಳಿಯುತ್ತದೆ.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಹಳಗನ್ನಡ ಶಾಸನವೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಕಾಲ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೆಯ ಕೃಷ್ಣನು ಗಂಗ ಅರಸ ಇಮ್ಮಡಿ ಬೂತುಗನ ನೆರವಿನಿಂದ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಸಂಗತಿಯನ್ನು ಅದು ಹೇಳುತ್ತದೆ. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನಿಗೆ ಬೇಕಾದುದನ್ನು ಬೇಡಿಕೊಳ್ಳುವ ಅವಕಾಶ ದೊರೆಯಿತು. ಅವನು ಊರನ್ನು ಬೇಡಲಿಲ್ಲ, ಹೊನ್ನನ್ನು ಬೇಡಲಿಲ್ಲ. ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದನು. ಮುಂದೆ ಬೆಳತೂರಿನ ಬಳಿ ಕಾಡುಹಂದಿಯೊಡನೆ ಹೋರಾಡಿ ಕಾಳಿಯೂ ಹಂದಿಯೂ ಒಟ್ಟಿಗೆ ಸತ್ತವು. ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿಯಾಗಿ ಬಿಟ್ಟರು. ದತ್ತಿಯನ್ನು ನೋಡಿಕೊಳ್ಳುವ ಗೊರವನು ಆ ಕಲ್ಲನ್ನು ಪೂಜಿಸದೆ ಉಣಬಾರದೆಂಬ ಕಟ್ಟಳೆಯೂ ಶಾಸನದಲ್ಲಿದೆ.

ಶಿರೂರಿನ ಸುತ್ತಣ ಓದುಗರಿಗೆ ಈ ಶಾಸನ ದೂರದ್ದಲ್ಲ. ಬೂತುಗನಿಗೆ ಕೃಷ್ಣನು ಮೆಚ್ಚಿ ಕೊಟ್ಟ ನಾಡುಗಳಲ್ಲಿ ಬನವಾಸಿ, ಬೆಳ್ವೊಲ, ಪುರಿಗೆರೆಗಳ ಜೊತೆಗೆ ಕಿಸುಕಾಡು 70 ಹಾಗೂ ಬಾಗೆನಾಡು 70 ಸೇರಿವೆ. ಕಿಸುಕಾಡು ಪಟ್ಟದಕಲ್ಲಿನ ಸುತ್ತಣ ಪ್ರದೇಶ. ಬಾಗೆನಾಡು ಬಾಗಲಕೋಟೆಯ ಸೀಮೆಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಹೀಗೆ ಕಾಳಿಯ ನೆನಪನ್ನು ಹೊತ್ತ ಕಲ್ಲೇ ನಮ್ಮ ಸೀಮೆಯ ಹೆಸರನ್ನೂ ಹೊತ್ತಿದೆ.

ಹಾಗೆಂದು ಕಾಳಿಯ ಕಥೆಯನ್ನು ಶ್ರಾವಕನು ಇದ್ದಂತೆಯೇ ಆದರ್ಶವಾಗಿ ಒಪ್ಪಲಾಗದು. ಅಲ್ಲಿ ಪ್ರೀತಿಯಿದೆ, ಆದರೆ ಬೇಟೆಯೂ ಇದೆ. ನಾಯಿಯ ಶೌರ್ಯವನ್ನು ಹೊಗಳುವಾಗ ಅದರೊಡನೆ ಸತ್ತ ಹಂದಿಯ ನೋವನ್ನು ಮರೆತರೆ ಅಹಿಂಸೆ ಅರ್ಧಕ್ಕೇ ನಿಲ್ಲುತ್ತದೆ. ಬೂತುಗನ ಮನೆತನದಲ್ಲಿಯೇ ಬೇರೊಂದು ದಾರಿಯೂ ಇತ್ತು. ಅವನ ಅಕ್ಕ ಪಾಂಬಬ್ಬೆ ಕೇಶಲೋಚ ಮಾಡಿಕೊಂಡು ಮೂವತ್ತು ವರ್ಷ ತಪಸ್ಸು ಆಚರಿಸಿ ದೇಹತ್ಯಾಗ ಮಾಡಿದಳೆಂದು ಕ್ರಿ.ಶ. 971ರ ಕಡೂರಿನ ಶಾಸನ ತಿಳಿಸುತ್ತದೆ.

ನಾಯಿಯನ್ನು ಕುರಿತ ಜೈನದೃಷ್ಟಿ ಜೀವಂಧರನ ಕಥೆಯಲ್ಲಿ ಸ್ಪಷ್ಟವಾಗಿದೆ. ವಾದೀಭಸಿಂಹನು ಸಂಸ್ಕೃತದಲ್ಲಿ ಹೇಳಿದ ಈ ಕಥೆಯನ್ನು ಕವಿ ಭಾಸ್ಕರನು ಕ್ರಿ.ಶ. 1424ರಲ್ಲಿ ಪೆನುಗೊಂಡೆಯಲ್ಲಿ ಭಾಮಿನೀ ಷಟ್ಪದಿಯ ಕನ್ನಡ ಕಾವ್ಯವಾಗಿಸಿದನು. ಆಹಾರವನ್ನು ಮುಟ್ಟಿತೆಂದು ಕೆಲವರು ಹೊಡೆದು ಕೆಡವಿದ ನಾಯಿಯೊಂದನ್ನು ಜೀವಂಧರನು ಕಾಣುತ್ತಾನೆ. ಬದುಕಿಸುವುದು ಸಾಧ್ಯವಿಲ್ಲವೆಂದು ತಿಳಿದು ಅದರ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಉಚ್ಚರಿಸುತ್ತಾನೆ. ಆ ನಾಯಿ ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ, ಮುಂದೆ ಜೀವಂಧರನ ಪ್ರಾಣಕ್ಕೆ ಅಪಾಯ ಬಂದಾಗ ಅವನನ್ನು ಕಾಪಾಡುತ್ತದೆ. ಆ ನಾಯಿ ಅವನದಾಗಿರಲಿಲ್ಲ. ಅವನಿಗೆ ಅದರಿಂದ ಯಾವ ಪ್ರಯೋಜನವೂ ಇರಲಿಲ್ಲ. ಕರುಣೆಗೆ ಸ್ವಂತದ್ದೆಂಬ ಅಭಿಮಾನ ಬೇಕಿಲ್ಲವೆಂಬುದೇ ಕಥೆಯ ಸಾರ.

ಹಾಗಾದರೆ ನಾಯಿಯನ್ನು ಕಳೆದುಕೊಂಡವರ ದುಃಖಕ್ಕೆ ಶಾಸ್ತ್ರ ಏನು ಹೇಳುತ್ತದೆ? ಪ್ರಿಯವಾದುದು ಅಗಲಿದಾಗ ಮತ್ತೆ ಮತ್ತೆ ಅದನ್ನೇ ಚಿಂತಿಸುವುದನ್ನು ತತ್ತ್ವಾರ್ಥಸೂತ್ರವು ಆರ್ತಧ್ಯಾನದಲ್ಲಿ ಸೇರಿಸಿದೆ. ಅದೇ ಗ್ರಂಥವು ಸಂಕಟದಲ್ಲಿರುವ ಜೀವಿಗಳ ಬಗ್ಗೆ ಕಾರುಣ್ಯಭಾವನೆ ಇರಬೇಕೆಂದೂ ಹೇಳುತ್ತದೆ. ದುಃಖವು ತನ್ನಲ್ಲಿಯೇ ಸುತ್ತುತ್ತಿದ್ದರೆ ಅದು ಆರ್ತಧ್ಯಾನ. ಇನ್ನೊಂದು ಜೀವಿಯ ಕಡೆಗೆ ಹರಿದರೆ ಕಾರುಣ್ಯ. ಅಳುವ ಮಗುವಿಗೆ "ನಾಯಿ ತಾನೇ, ಬಿಡು" ಎನ್ನುವುದಕ್ಕಿಂತ, ಬೀದಿಯ ಬಾಯಾರಿದ ಪ್ರಾಣಿಗೆ ಅದರ ಕೈಯಿಂದಲೇ ನೀರಿಡಿಸುವುದು ಮೇಲು.

ಸತ್ತ ನಾಯಿಗಿಂತ ಕಾಣೆಯಾದ ನಾಯಿಯ ವಿಷಯದಲ್ಲಿ ನಮ್ಮ ಹೊಣೆ ಹೆಚ್ಚು; ಏಕೆಂದರೆ ಅಲ್ಲಿ ಇನ್ನೂ ಮಾಡಬೇಕಾದ ಕೆಲಸ ಉಳಿದಿದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅಚೌರ್ಯಾಣುವ್ರತವನ್ನು ವಿವರಿಸುವಾಗ, ಪರರು ಇಟ್ಟದ್ದು, ಬೀಳಿಸಿದ್ದು, ಮರೆತದ್ದು ಇವನ್ನು ತಾನೂ ತೆಗೆದುಕೊಳ್ಳಬಾರದು, ಮತ್ತೊಬ್ಬರಿಗೂ ಕೊಡಬಾರದು ಎನ್ನುತ್ತದೆ. ಕುರಿಹಿಂಡಿನಿಂದ ಹಿಂದುಳಿದ ನಾಯಿ, ಜಾತ್ರೆಯ ಗದ್ದಲಕ್ಕೆ ಬೆದರಿ ಓಡಿಬಂದ ನಾಯಿ ಅನಾಥವೆಂದು ಭಾವಿಸಿ ಕಟ್ಟಿಹಾಕಿಕೊಳ್ಳುವುದಾಗಲಿ, ಚೆಂದದ ಮುಧೋಳ ತಳಿಯದೆಂದು ಮಾರುವುದಾಗಲಿ ಈ ವ್ರತಕ್ಕೆ ಸಲ್ಲದು. ಒಡೆಯನನ್ನು ಹುಡುಕಿ ತಲುಪಿಸುವಲ್ಲಿ ಅಹಿಂಸೆಯೂ ಅಚೌರ್ಯವೂ ಕೂಡುತ್ತವೆ.

ಇದಕ್ಕೆ ದೊಡ್ಡ ವ್ಯವಸ್ಥೆ ಬೇಕಿಲ್ಲ. ಸಾಕಿದವರು ನಾಯಿಯ ಕೊರಳಪಟ್ಟಿಯ ಮೇಲೆ ದೂರವಾಣಿ ಸಂಖ್ಯೆ ಬರೆಯಿಸಿ, ಹುಚ್ಚುನಾಯಿ ರೋಗದ ಲಸಿಕೆಯನ್ನು ತಪ್ಪದೆ ಹಾಕಿಸಿ, ಒಂದು ಒಳ್ಳೆಯ ಭಾವಚಿತ್ರ ಇಟ್ಟುಕೊಂಡಿರಬೇಕು. ಕಾಣೆಯಾದ ದಿನವೇ ನೆರೆಹೊರೆಗೂ ಪಶುವೈದ್ಯ ಆಸ್ಪತ್ರೆಗೂ ತಿಳಿಸಬೇಕು. ಅಪರಿಚಿತ ನಾಯಿ ಕಂಡವರು ಅಟ್ಟದೆ, ಹೊಡೆಯದೆ, ಅಂತರದಲ್ಲಿ ನೀರಿಟ್ಟು ಸುದ್ದಿ ಮುಟ್ಟಿಸಬೇಕು. ಬೆದರಿದ ಪ್ರಾಣಿ ಕಚ್ಚಬಹುದಾದ್ದರಿಂದ ಮಕ್ಕಳನ್ನು ದೂರವಿರಿಸಬೇಕು. ಬಸದಿಯ ಟ್ರಸ್ಟುಗಳು ಸೂಚನಾಫಲಕದಲ್ಲಿ ಇಂಥ ಸುದ್ದಿಗೆ ಒಂದು ಮೂಲೆಯನ್ನೂ, ಹೊರಪ್ರಾಕಾರದಲ್ಲಿ ಒಂದು ನೀರಿನ ತೊಟ್ಟಿಯನ್ನೂ ಇರಿಸಬಹುದು. ಮುದಿಯಾಯಿತೆಂದು ಸಾಕಿದ ನಾಯಿಯನ್ನು ದೂರ ಒಯ್ದು ಬಿಟ್ಟುಬರುವವರಿಗೂ ತಿಳಿಹೇಳಬೇಕು: ಹಸಿವು ನೀರಡಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಅನ್ನಪಾನಗಳನ್ನು ತಡೆಯುವುದು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಒಂದೆಂದು ನಮ್ಮ ಆಚಾರ್ಯರು ಅದಕ್ಕಿಂತ ಬಹಳ ಹಿಂದೆಯೇ ಹೇಳಿದ್ದಾರೆ.

ಮಣಲೇರನು ತನ್ನ ಕಾಲದ ರೀತಿಯಲ್ಲಿ ಕಾಳಿಗೆ ಕಲ್ಲು ನಿಲ್ಲಿಸಿದನು. ಶ್ರಾವಕನು ತನ್ನ ಅಗಲಿದ ನಾಯಿಗೆ ಕಲ್ಲು ನಿಲ್ಲಿಸಬೇಕಿಲ್ಲ. ದಾರಿ ತಪ್ಪಿದ ಇನ್ನೊಂದು ನಾಯಿಯನ್ನು ಅದರ ಮನೆಗೆ ಮುಟ್ಟಿಸಿದರೆ ಸಾಕು.