ರಸ್ತೆ ಅಪಘಾತದ ಗಾಯಾಳುಗಳಿಗೆ ಪರಿಹಾರ: ಅರ್ಜಿದಾರರಿಗೆ ಮಾಹಿತಿ

ಮೋಟಾರು ವಾಹನ ಅಪಘಾತದಲ್ಲಿ ಗಾಯಗೊಂಡವರು ಮೋಟಾರು ವಾಹನಗಳ ಕಾಯ್ದೆ 1988ರ ಕಲಂ 166ರ ಅನ್ವಯ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಿ ಪರಿಹಾರ ಪಡೆಯಬಹುದಾಗಿದೆ. ದೇವದುರ್ಗ ತಾಲ್ಲೂಕಿನ ಗಬ್ಬೂರು ಹೋಬಳಿಯ ಹಾಗೂ ಸುತ್ತಲಿನ ಸಾರ್ವಜನಿಕರ ತಿಳಿವಳಿಕೆಗಾಗಿ ಈ ವಿವರ ನೀಡಲಾಗಿದೆ.

ಮೊದಲು ಮಾಡಬೇಕಾದುದು

ಅಪಘಾತವಾದ ಕೂಡಲೇ 112ಕ್ಕೆ ಕರೆ ಮಾಡತಕ್ಕದ್ದು. 2025ರ ಮೇ ತಿಂಗಳಲ್ಲಿ ಅಧಿಸೂಚಿತವಾದ ಕೇಂದ್ರದ ಯೋಜನೆಯಂತೆ, ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ ರೂ. 1.5 ಲಕ್ಷದ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ದೊರೆಯುತ್ತದೆ. ಗಾಯ ಅಪಘಾತದಿಂದ ಆದುದೆಂದು ವೈದ್ಯರಿಗೆ ತಿಳಿಸಿ, ಆಸ್ಪತ್ರೆಯ ದಾಖಲೆಯಲ್ಲಿ ಬರೆಯಿಸತಕ್ಕದ್ದು.

ಗ್ರಾಮದ ಹಿರಿಯರ ಸಮ್ಮುಖದಲ್ಲಿ ಕೆಲವು ಸಾವಿರ ರೂಪಾಯಿಗಳಿಗೆ ರಾಜಿಯಾಗಿ ದೂರು ನೀಡದೆ ಬಿಡುವವರಿದ್ದಾರೆ. ಮುರಿದ ಕಾಲಿಗೆ ಆರು ತಿಂಗಳ ನಂತರ ಎರಡನೇ ಶಸ್ತ್ರಚಿಕಿತ್ಸೆ ಬೇಕಾದಾಗ ಆ ಹಣ ಉಳಿದಿರುವುದಿಲ್ಲ, ಅಪಘಾತ ನಡೆದುದಕ್ಕೆ ದಾಖಲೆಯೂ ಇರುವುದಿಲ್ಲ. ಆದುದರಿಂದ ಗಬ್ಬೂರು ಅಥವಾ ಸಂಬಂಧಪಟ್ಟ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ ಪ್ರಥಮ ವರ್ತಮಾನ ವರದಿಯ ಪ್ರತಿ ಪಡೆಯತಕ್ಕದ್ದು. ಪ್ರತಿಯನ್ನು ಉಚಿತವಾಗಿ ನೀಡಲಾಗುತ್ತದೆ.

ಕಾಲಮಿತಿ ಮತ್ತು ಸ್ಥಳ

2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಅಪಘಾತದ ದಿನಾಂಕದಿಂದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸತಕ್ಕದ್ದು. ಈ ಮಿತಿಯ ಕಾರಣಕ್ಕೇ ಅರ್ಜಿ ವಜಾ ಮಾಡಬಾರದೆಂದು ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ನೀಡಿತು; ಆದರೂ ಅದನ್ನು ನಂಬಿ ವಿಳಂಬ ಮಾಡುವುದು ಸೂಕ್ತವಲ್ಲ. ಅಪಘಾತ ನಡೆದ ಸ್ಥಳ, ಅರ್ಜಿದಾರರ ವಾಸ ಅಥವಾ ವ್ಯವಹಾರದ ಸ್ಥಳ, ಎದುರುದಾರರ ವಾಸಸ್ಥಳ, ಇವುಗಳಲ್ಲಿ ಯಾವುದರ ವ್ಯಾಪ್ತಿಯ ನ್ಯಾಯಮಂಡಳಿಗಾದರೂ ಅರ್ಜಿ ಸಲ್ಲಿಸಬಹುದು. ಹೈದರಾಬಾದಿನಲ್ಲಿ ಗಾಯಗೊಂಡ ಗಬ್ಬೂರಿನ ಕಾರ್ಮಿಕರು ಅಲ್ಲಿಗೆ ಅಲೆಯಬೇಕಾಗಿಲ್ಲ.

ಪರಿಹಾರದ ಲೆಕ್ಕ

ಚಿಕಿತ್ಸಾ ವೆಚ್ಚ, ಕೆಲಸವಿಲ್ಲದ ದಿನಗಳ ಆದಾಯ, ನೋವು ಮತ್ತು ಯಾತನೆ, ಮುಂದಿನ ದುಡಿಮೆಯ ನಷ್ಟ ಇವನ್ನು ಪ್ರತ್ಯೇಕವಾಗಿ ಎಣಿಸಲಾಗುತ್ತದೆ. ಕೊನೆಯದೇ ಸಾಮಾನ್ಯವಾಗಿ ದೊಡ್ಡ ಬಾಬ್ತು. ಉದಾಹರಣೆಗೆ, 38 ವರ್ಷದ ಹಮಾಲರೊಬ್ಬರ ಮಾಸಿಕ ಆದಾಯ ರೂ. 12,000, ದುಡಿಮೆಯ ಸಾಮರ್ಥ್ಯದ ನಷ್ಟ ಶೇ. 20 ಎಂದಿಟ್ಟುಕೊಂಡರೆ, ಆ ವಯಸ್ಸಿಗೆ ಸರಳಾ ವರ್ಮಾ ಪ್ರಕರಣದಲ್ಲಿ (2009) ನಿಗದಿಯಾದ ಗುಣಕ 15ರಂತೆ ಮೊತ್ತವು ರೂ. 4,32,000 ಆಗುತ್ತದೆ. ಭವಿಷ್ಯದ ಆದಾಯ ವೃದ್ಧಿಯನ್ನು ಸೇರಿಸಿದಲ್ಲಿ ಇದು ಹೆಚ್ಚುತ್ತದೆ. ವೈದ್ಯರು ಬರೆದ ಶೇಕಡಾವಾರು ಅಂಗವೈಕಲ್ಯವೇ ದುಡಿಮೆಯ ನಷ್ಟವಲ್ಲ ಎಂದು ರಾಜಕುಮಾರ್ ಪ್ರಕರಣದಲ್ಲಿ (2011) ಸರ್ವೋಚ್ಚ ನ್ಯಾಯಾಲಯ ಹೇಳಿದೆ: ಬೆರಳು ಕಳೆದುಕೊಂಡ ಗುಮಾಸ್ತರಿಗೂ ಹತ್ತಿ ಬಿಡಿಸುವ ಮಹಿಳೆಗೂ ನಷ್ಟ ಒಂದೇ ಅಲ್ಲ. ಆದುದರಿಂದ ತಾವು ಮಾಡುತ್ತಿದ್ದ ಕೆಲಸವನ್ನು ಅರ್ಜಿಯಲ್ಲಿ "ಕೂಲಿ" ಎಂದಷ್ಟೇ ಬರೆಯದೆ ವಿವರವಾಗಿ ನಮೂದಿಸತಕ್ಕದ್ದು. ಅಂಗವೈಕಲ್ಯದ ಬಗ್ಗೆ ವೈದ್ಯರು ಸಾಕ್ಷ್ಯ ನುಡಿಯಬೇಕಾಗುತ್ತದೆ. ಔಷಧದ ಬಿಲ್ಲುಗಳು ಅಂಗಡಿಯ ಮುದ್ರಿತ ರಸೀದಿಯಾಗಿದ್ದು, ಅವುಗಳ ಮೇಲೆ ರೋಗಿಯ ಹೆಸರಿರಲಿ. ಬಿಳಿ ಚೀಟಿಗಳು ನಿಲ್ಲುವುದಿಲ್ಲ.

ಗೂಡ್ಸ್ ವಾಹನದಲ್ಲಿ ಪ್ರಯಾಣ

ಹೊಲದ ಕೆಲಸಕ್ಕೆ ಸರಕು ವಾಹನಗಳಲ್ಲಿ ಹೋಗುವವರು ಇದನ್ನು ಗಮನಿಸುವುದು. ಸರಕು ವಾಹನದಲ್ಲಿ ಸುಮ್ಮನೆ ಪ್ರಯಾಣಿಸುವವರಿಗೆ ಆ ವಾಹನದ ವಿಮಾ ಕಂಪನಿ ಹೊಣೆಯಲ್ಲವೆಂದು ಆಶಾ ರಾಣಿ ಪ್ರಕರಣದಲ್ಲಿ (2003) ತೀರ್ಮಾನವಾಗಿದೆ. ಅಂತಹ ಸಂದರ್ಭದಲ್ಲಿಯೂ ತಪ್ಪಿತಸ್ಥ ಚಾಲಕ ಹಾಗೂ ಮಾಲೀಕರ ಹೊಣೆ ಉಳಿಯುತ್ತದೆ. ಎದುರಿನ ವಾಹನದ ತಪ್ಪೂ ಇದ್ದಲ್ಲಿ, ಅದರ ಮಾಲೀಕರನ್ನೂ ವಿಮಾ ಕಂಪನಿಯನ್ನೂ ಅವಶ್ಯವಾಗಿ ಪಕ್ಷಕಾರರನ್ನಾಗಿ ಮಾಡತಕ್ಕದ್ದು.

ತಪ್ಪು ಸಾಬೀತುಪಡಿಸದೆ ದೊರೆಯುವ ಮೊತ್ತ

ಕಲಂ 164ರ ಅನ್ವಯ, ಚಾಲಕನ ತಪ್ಪನ್ನು ರುಜುವಾತುಪಡಿಸದೆ ತೀವ್ರ ಗಾಯಕ್ಕೆ ರೂ. 2.5 ಲಕ್ಷ ದೊರೆಯುತ್ತದೆ. ಆದರೆ ಇದನ್ನು ಒಪ್ಪಿ ಪಡೆದಲ್ಲಿ ಕಲಂ 166ರ ಅರ್ಜಿ ರದ್ದಾಗುತ್ತದೆ. ಶಾಶ್ವತ ಅಂಗವೈಕಲ್ಯವಿರುವವರು ಮೇಲಿನ ಲೆಕ್ಕ ನೋಡಿಕೊಂಡು ಸಹಿ ಮಾಡುವುದು.

ವಾಹನವು ಗುರುತು ಸಿಗದೆ ಪರಾರಿಯಾಗಿದ್ದಲ್ಲಿ, 2022ರ ಯೋಜನೆಯಂತೆ ತೀವ್ರ ಗಾಯಕ್ಕೆ ರೂ. 50,000, ಮರಣಕ್ಕೆ ರೂ. 2 ಲಕ್ಷ ನಿಗದಿಯಾಗಿದೆ. ಅರ್ಜಿಯನ್ನು ನ್ಯಾಯಮಂಡಳಿಗಲ್ಲ, ಕ್ಲೇಮು ವಿಚಾರಣಾಧಿಕಾರಿಯಾದ ಕಂದಾಯ ಅಧಿಕಾರಿಗೆ ಸಲ್ಲಿಸತಕ್ಕದ್ದು. ದೇವದುರ್ಗ ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸುವುದು.

ಕಾನೂನು ನೆರವು

ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಪಡೆಯಲು ಅರ್ಹರು. ರಾಯಚೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಅಥವಾ ಸಹಾಯವಾಣಿ 15100 ಅನ್ನು ಸಂಪರ್ಕಿಸುವುದು. ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಮೇಲ್ಮನವಿ ಇರುವುದಿಲ್ಲ. ನ್ಯಾಯಮಂಡಳಿಯ ತೀರ್ಪಿನ ವಿರುದ್ಧ 90 ದಿನಗಳೊಳಗೆ ಉಚ್ಚ ನ್ಯಾಯಾಲಯದ ಕಲಬುರಗಿ ಪೀಠಕ್ಕೆ ಮೇಲ್ಮನವಿ ಸಲ್ಲಿಸಬಹುದು.